ಬಲಗಡೆಯ ಉಬ್ಬು

ಭಾವನ ದೋಣಿಯಲ್ಲಿ ನಾನು ಏಳು ದೋಷ ಕಂಡುಹಿಡಿದೆ. ಅದರಲ್ಲಿ ಆರು ನಿಜವಾಗಿಯೂ ದೋಷಗಳೇ. ಏಳನೆಯದು ದೋಷವಲ್ಲ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಭಾವ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನ್ನ ಜಾಯಮಾನವಲ್ಲ.

ನಾನು ದೋಣಿ ಬಡಗಿ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ದಡದ ಜನ ನನ್ನನ್ನು ರಸಮಟ್ಟ ಎಂದು ಕರೆಯುತ್ತಾರೆ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗಾರೆಯವರು ಇಡುತ್ತಾರಲ್ಲ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಪಟ್ಟಿ, ಅದು. ಬೆನ್ನ ಹಿಂದೆ ಗೇಲಿಗೆ ಇಟ್ಟ ಹೆಸರು. ನಾನು ಮಾತ್ರ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದೆ. ಸೊಟ್ಟ ಕಂಡರೆ ನನಗೆ ಮೈ ಉರಿಯುತ್ತದೆ. ಯಾರದೋ ಮನೆಗೆ ಹೋದರೆ ಬಾಗಿಲಿನ ಚೌಕಟ್ಟು ಅರ್ಧ ಬೆರಳು ವಾಲಿದ್ದು ಕಣ್ಣಿಗೆ ಚುಚ್ಚುತ್ತದೆ, ಕೊಟ್ಟ ಚಹಾ ಕುಡಿಯುವ ಮೊದಲೇ ಅದನ್ನು ಹೇಳಿಬಿಡುತ್ತೇನೆ. ಹೇಳುವುದೂ ಮೆತ್ತಗಲ್ಲ. ನನ್ನ ಬಾಯಿಗೆ ಹೆದರಿ ಹೆಂಡತಿಯ ತಮ್ಮ ನಮ್ಮ ಮನೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟ. ಹೋದರೆ ಹೋಗಲಿ, ನಿಜ ಹೇಳುವವನಿಗೆ ನೆಂಟರು ಕಡಿಮೆಯೇ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮಾತು ಕಡಿಮೆ. ಅವರು ಒಬ್ಬರೇ ಮೀನಿಗೆ ಹೋಗುವವರು. ನಮ್ಮ ದಡದಲ್ಲಿ ಇದು ವಿಚಿತ್ರವೇ. ಇಲ್ಲಿ ಪ್ರತಿ ದೋಣಿಗೂ ಇಬ್ಬರು. ಒಬ್ಬ ಬಲಗಡೆ ನಿಂತು, ಅಂಚಿಗೆ ಕೂರಿಸಿದ ಮರದ ಉರುಳೆಯ ಮೇಲೆ ಬಲೆ ಎಳೆಯುತ್ತಾನೆ. ಇನ್ನೊಬ್ಬ ಎಡಗಡೆ ಕೂತು, ದೋಣಿ ವಾಲದ ಹಾಗೆ ತನ್ನ ಭಾರ ಕೊಡುತ್ತಾನೆ. ಭಾವನ ಅಪ್ಪನೂ ಒಬ್ಬರೇ ಹೋಗುತ್ತಿದ್ದರಂತೆ. ಮಹಾ ಜಗಳಗಂಟ, ಜೊತೆಗೆ ಹೋದವರು ಎರಡನೇ ದಿನ ಹೋಗುತ್ತಿರಲಿಲ್ಲ ಎಂದು ಹಳಬರು ಈಗಲೂ ನಗುತ್ತಾರೆ. ಆ ದೋಣಿಯನ್ನು ಕಟ್ಟಿಸಿದ್ದು ಅವರೇ. ಭಾವ ಜಗಳಗಂಟರಲ್ಲ. ಆದರೆ ಅಪ್ಪನ ದೋಣಿಯ ಜೊತೆಗೆ ಅಪ್ಪನ ಅಭ್ಯಾಸವೂ ಅವರ ಪಾಲಿಗೆ ಬಂತು.

ಮೂರು ವರ್ಷದ ಹಿಂದೆ ಬಂದರಿನ ಕಚೇರಿಯವರು ಬಂದು ದೋಣಿಯ ತಳಕ್ಕೆ ಚಾಕು ಚುಚ್ಚಿದರು. ಹಿಡಿಯವರೆಗೂ ಹೋಯಿತು. ಬಡಗಿಯಿಂದ ಪೂರ್ತಿ ಪರೀಕ್ಷೆಯಾಗಿ ದುರಸ್ತಿಯಾಗುವ ತನಕ ಇದು ನೀರಿಗಿಳಿಯಬಾರದು ಎಂದು ಬರೆದು ಅಂಟಿಸಿ ಹೋದರು. ಭಾವ ದೋಣಿಯನ್ನು ಮನೆಯ ಗೋಡೆಯ ಪಕ್ಕ ಮಗುಚಿ ಹಾಕಿ, ಮಂಜುಗಡ್ಡೆ ಕಾರ್ಖಾನೆಯಲ್ಲಿ ಗಡ್ಡೆ ಹೊರುವ ಕೆಲಸಕ್ಕೆ ಸೇರಿದರು. ಐವತ್ತೆಂಟು ವರ್ಷದ ಮನುಷ್ಯ. ಬೆರಳ ತುದಿಗಳು ಸೀಳಿ, ಅನ್ನ ಕಲಸಿದರೆ ಉರಿಯುತ್ತದೆ ಎಂದು ಚಮಚದಲ್ಲಿ ಊಟ ಮಾಡುತ್ತಿದ್ದರು. ಅಕ್ಕ ನಾನು ದೋಣಿ ಕೆಲಸ ಮಾಡುವ ಕೊಟ್ಟಿಗೆಗೆ ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ವರ್ಷ ಅಲ್ಲೇ ಇದ್ದರೆ ಇವರು ಮನುಷ್ಯರಾಗಿ ಉಳಿಯುವುದಿಲ್ಲ, ದೋಣಿ ನೋಡು ಎಂದಳು. ನಾನು ಉಳಿದ ಕೆಲಸವನ್ನೆಲ್ಲ ಪಕ್ಕಕ್ಕೆ ಸರಿಸಿ ದೋಣಿಯನ್ನು ಕೊಟ್ಟಿಗೆಗೆ ತರಿಸಿದೆ. ಭಾವನನ್ನು ಮತ್ತೆ ನೀರಿಗೆ ಇಳಿಸುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟೆ.

ಪರೀಕ್ಷೆ ಮಾಡುವಾಗ ನಾನು ಮೈಯೆಲ್ಲ ಕಣ್ಣಾಗಿರುತ್ತೇನೆ. ಒಂದು ಕೈಯಲ್ಲಿ ಸಣ್ಣ ಸುತ್ತಿಗೆ, ಇನ್ನೊಂದರಲ್ಲಿ ದಬ್ಬಳ, ಜೇಬಿನಲ್ಲಿ ಸೀಮೆಸುಣ್ಣ. ಒಳ್ಳೆಯ ಹಲಗೆ ತಟ್ಟಿದರೆ ಖಣ್ ಎನ್ನುತ್ತದೆ, ಸತ್ತದ್ದು ಬೊದ್ ಎನ್ನುತ್ತದೆ. ಸತ್ತದ್ದಕ್ಕೆ ಕತ್ತರಿ ಗುರುತು, ಅನುಮಾನ ಇದ್ದಲ್ಲಿ ಸೊನ್ನೆ. ಮೊದಲ ದಿನವೇ ದೋಣಿಯ ಮೈತುಂಬ ಕತ್ತರಿಗಳು. ತಳದಲ್ಲಿ ಯಾವನೋ ಪುಣ್ಯಾತ್ಮ ಸಿಮೆಂಟು ಸುರಿದಿದ್ದ. ನೀರು ಜಿನುಗುವಲ್ಲಿ ಸಿಮೆಂಟು ಸುರಿದರೆ ಸೋರುವುದು ನಿಲ್ಲುತ್ತದೆ ನಿಜ, ಆದರೆ ಅದರ ಅಡಿಯಲ್ಲಿ ಮರ ಉಸಿರುಗಟ್ಟಿ ಕೊಳೆಯುತ್ತದೆ. ಒಡೆದು ತೆಗೆದೆ. ದೋಣಿಯ ಉದ್ದಕ್ಕೂ ಬೆನ್ನುಮೂಳೆಯಾಗಿ ಓಡುವ ಅಡಿಮರ ಒಂದು ಮೊಳದುದ್ದ ನೆನೆದ ರೊಟ್ಟಿಯ ಹಾಗೆ ಕೈಗೆ ಬಂತು. ಹಿಂದಿನ ಕಂಬ ಮೆತ್ತಗಾಗಿತ್ತು. ತಾಮ್ರದ ಮೊಳೆ ಹೊಡೆದ ಹಲಗೆಗಳಿಗೆ ಆಮೇಲೆ ಯಾರೋ ಕಬ್ಬಿಣದ ಮೊಳೆ ಸೇರಿಸಿದ್ದರು. ಉಪ್ಪುನೀರಿನಲ್ಲಿ ಆ ಎರಡು ಲೋಹ ಅಕ್ಕಪಕ್ಕ ಬಂದರೆ ಕಬ್ಬಿಣ ತಾನೂ ಕರಗಿ ಸುತ್ತಲಿನ ಮರವನ್ನೂ ಸುಡುತ್ತದೆ. ಪ್ರತಿ ಮೊಳೆಯ ಸುತ್ತ ಕಪ್ಪು ಉಂಗುರ. ಬಲಗಡೆಯ ಹಲಗೆಗಳನ್ನು ಒಳಗಿನಿಂದ ಪಕ್ಕೆಲುಬಿನ ಹಾಗೆ ಹಿಡಿದಿಡುವ ಹದಿನಾಲ್ಕು ಪಕ್ಕೆಮರಗಳಲ್ಲಿ ಒಂಬತ್ತು ಆ ಮೊಳೆಗಳಿಂದಲೇ ಸತ್ತಿದ್ದವು. ಅದು ಸಾಲದೆಂಬಂತೆ ದುರಸ್ತಿ ಮಾಡಿದವನು ಮೂರು ಹಲಗೆಗಳ ಜೋಡಣೆಯನ್ನು ಒಂದರ ಮೇಲೊಂದು ಒಂದೇ ಗೆರೆಗೆ ತಂದಿಟ್ಟಿದ್ದ. ಹರಿದುಕೊಳ್ಳಲು ದಾರಿ ಮಾಡಿಕೊಟ್ಟ ಹಾಗೆ. ಅವನು ಎದುರಿಗಿದ್ದರೆ ಅಲ್ಲೇ ಕೆನ್ನೆಗೆ ಬಿಗಿಯುತ್ತಿದ್ದೆ.

ಇವಿಷ್ಟು ಆರು. ಇವುಗಳ ಬಗ್ಗೆ ಇವತ್ತಿಗೂ ನನಗೆ ಅನುಮಾನವಿಲ್ಲ.

ಮೂರನೇ ದಿನ ಅಳತೆಗೆ ಕೂತೆ. ಅಕ್ಕನ ಮಗಳು ಬಂದಿದ್ದಳು. ಬಲೆ ಹೆಣೆಯುವ ಕಾರ್ಖಾನೆಯಲ್ಲಿ ಕೆಲಸ ಅವಳಿಗೆ, ಇಪ್ಪತ್ತೈದರ ಹುಡುಗಿ, ಕೈ ಚುರುಕು. ಅವಳಿಗೆ ದಾರದ ಒಂದು ತುದಿ ಕೊಟ್ಟು ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ನೇರ ಎಳೆದೆವು. ಆ ದಾರದಿಂದ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ಪ್ರತಿ ಪಕ್ಕೆಯ ಹತ್ತಿರ ಅಳೆದು ಹಲಗೆಯ ಮೇಲೆ ಬರೆದೆ. ಮುಂದೆ ಎರಡೂ ಸಮ. ನಾಲ್ಕನೇ ಪಕ್ಕೆಗೆ ಬರುವಾಗ ಬಲಗಡೆ ಒಂದು ಬೆರಳು ಹೆಚ್ಚು. ಏಳನೆಯದಕ್ಕೆ ನಾಲ್ಕು ಬೆರಳು. ಅಲ್ಲಿಂದ ಮತ್ತೆ ಕಡಿಮೆಯಾಗುತ್ತಾ ಹಿಂದೆ ಹೋಗಿ ಸಮ. ದೋಣಿಯ ಬಲ ಹೊಟ್ಟೆ ಎಡಕ್ಕಿಂತ ಉಬ್ಬಿತ್ತು. ಅಲ್ಲಿಗೆ ಒಂದು ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಂಡೆ. ಆ ದೋಣಿ ಖಾಲಿ ನಿಂತಾಗ ಸದಾ ಎಡಕ್ಕೆ ವಾಲಿಕೊಂಡಿರುತ್ತಿತ್ತು. ದಡದವರೆಲ್ಲ ಅದನ್ನು ಕುಡುಕಿ ಎಂದೇ ಕರೆಯುತ್ತಿದ್ದರು. ನನ್ನ ಅಕ್ಕನ ಮನೆಯ ದೋಣಿಯನ್ನು ಜನ ಹಾಗೆ ಆಡಿಕೊಳ್ಳುವುದು ನನಗೆ ಎಷ್ಟೋ ವರ್ಷದಿಂದ ಒಳಗೊಳಗೇ ಕುಟುಕುತ್ತಿತ್ತು.

ಕಾರಣ ಹುಡುಕಿದೆ. ನಾನು ಕಾರಣವಿಲ್ಲದೆ ಏನನ್ನೂ ಬರೆಯುವವನಲ್ಲ. ಕಾಲಿಡುವ ಹಲಗೆಗಳನ್ನು ನೋಡಿದರೆ ಎಡಗಡೆ ಹೊಸದರ ಹಾಗಿವೆ, ಬಲಗಡೆ ಎರಡು ಪಾದದಷ್ಟು ಜಾಗ ಬಟ್ಟಲಿನ ಹಾಗೆ ಸವೆದಿದೆ. ಅಪ್ಪ ಮಗ ಇಬ್ಬರೂ ಅರವತ್ತು ವರ್ಷ ಒಂದೇ ಜಾಗದಲ್ಲಿ ನಿಂತು ಭಾರ ಎಳೆದಿದ್ದಾರೆ. ಅದೇ ಭಾರಕ್ಕೆ ಆ ಕಡೆಯ ಹೊಟ್ಟೆ ಜೋತುಬಿದ್ದಿದೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡಿ. ಇನ್ನೊಂದು ಕಾರಣವೂ ಕೈಯಲ್ಲಿತ್ತು. ಆ ದೋಣಿ ಕಟ್ಟಿದವನಿಗೆ ಒಂದೇ ಕಣ್ಣಿತ್ತಂತೆ. ನಾನು ಹುಟ್ಟುವ ಮೊದಲೇ ಸತ್ತ ಮನುಷ್ಯ. ಬಲಗಡೆ ಅವನಿಗೆ ಕಾಣಿಸಿರಲಿಕ್ಕಿಲ್ಲ ಎಂದು ನಾನೇ ತಮಾಷೆ ಮಾಡಿ ನಾನೇ ನಕ್ಕೆ. ಕಟ್ಟುವಾಗಲೇ ಸೊಟ್ಟಗಾದದ್ದೋ, ಬಳಸಿ ಸೊಟ್ಟಗಾದದ್ದೋ, ಹೇಗಿದ್ದರೂ ನೆಟ್ಟಗೆ ಮಾಡಬೇಕಾದದ್ದೇ. ಮೂರನೆಯ ಕಾರಣವೊಂದು ಇರಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ದಾರ ಸುತ್ತುತ್ತಾ ಅಕ್ಕನ ಮಗಳು ಕೇಳಿದಳು.

"ಮಾಮ, ಅಪ್ಪ ನಿಲ್ಲೋದೂ ಅದೇ ಕಡೆ ಅಲ್ವಾ?"

"ಅದನ್ನೇ ನಾನೂ ಹೇಳ್ತಿರೋದು. ಒಂದೇ ಕಡೆ ನಿಂತೂ ನಿಂತೂ ದೋಣಿ ಹೊಟ್ಟೆ ಬಿಟ್ಟಿದೆ. ನಿಮ್ಮಪ್ಪನಿಗೆ ಸ್ವಲ್ಪ ಆ ಕಡೆ ಈ ಕಡೆ ಓಡಾಡೋಕೆ ಏನಾಗಿತ್ತು?"

ಅವಳು ಇನ್ನೇನೋ ಕೇಳಬೇಕೆಂದು ಬಾಯಿ ತೆರೆದು, ನನ್ನ ಮುಖ ನೋಡಿ, ದಾರವನ್ನು ಮೊಳೆಗೆ ತೂಗುಹಾಕಿ ಹೋದಳು. ಆ ಹೊತ್ತಿಗೆ ನಾನು ಅದನ್ನು ಗಮನಿಸಿದೆ ಕೂಡ. ಕೆಲಸದ ಮಧ್ಯೆ ಮಾತು ಬೆಳೆಸದಿದ್ದದ್ದು ಒಳ್ಳೆಯದಾಯಿತು ಎನಿಸಿತು.

ಭಾವ ಕಾರ್ಖಾನೆ ಮುಗಿಸಿ ಸಂಜೆ ಬರುತ್ತಿದ್ದರು. ಮೂಲೆಯ ಮರದ ದಿಮ್ಮಿಯ ಮೇಲೆ ಕೂತು ನನ್ನ ಕೆಲಸ ನೋಡುವರು, ಕತ್ತಲಾಗುವ ಮೊದಲು ಎದ್ದು ಹೋಗುವರು. ನಾನು ಬಲಗಡೆಯ ಪಕ್ಕೆಗಳನ್ನೆಲ್ಲ ಕಿತ್ತು, ಎಡಗಡೆಯ ಅಚ್ಚು ತೆಗೆದು, ಅದನ್ನೇ ತಿರುಗಿಸಿ ಬಲಕ್ಕೆ ಇಟ್ಟ ದಿನ ಅವರು ಹತ್ತಿರ ಬಂದರು. ಅಚ್ಚಿನ ಮೇಲೆ ಅಂಗೈ ಆಡಿಸಿದರು.

"ಅವಳು ಖಾಲಿ ಇದ್ದಾಗ ಮಾತ್ರ ವಾಲ್ತಿದ್ಲು ಕಣೋ," ಎಂದರು. "ನಾನು ಹತ್ತಿ ನಿಂತ ಮೇಲೆ ನೆಟ್ಟಗಾಗ್ತಿದ್ಲು."

ಅದೊಂದೇ ಮಾತು. ಅವರು ಆಡಿದ ಅಷ್ಟೇ ಮಾತಿನಲ್ಲಿ ಎಲ್ಲವೂ ಇತ್ತು. ನಾನು ಕೈಯಲ್ಲಿದ್ದ ಉಳಿಯನ್ನು ಬೆಂಚಿನ ಮೇಲೆ ಕುಕ್ಕಿದೆ. ಮೂವತ್ತೊಂದು ವರ್ಷದಲ್ಲಿ ನಾನು ಎಷ್ಟು ದೋಣಿ ಕಟ್ಟಿದ್ದೇನೆ, ಅದರಲ್ಲಿ ಎಷ್ಟು ವಾಲಿವೆ, ಎಂದು ಕೇಳಿದೆ. ನೀವು ಮೀನು ಹಿಡಿಯಿರಿ, ಮರದ ವಿಷಯದಲ್ಲಿ ಮೂಗು ತೂರಿಸಬೇಡಿ, ಕುಡುಕಿಯ ಹಾಗೆ ವಾಲಿಕೊಂಡೇ ಇರಬೇಕಿದ್ದರೆ ನನ್ನ ಹತ್ತಿರ ಯಾಕೆ ತಂದಿರಿ, ಗೋಡೆ ಪಕ್ಕದಲ್ಲೇ ಇಟ್ಟುಕೊಳ್ಳಬೇಕಿತ್ತು, ಎಂದೆಲ್ಲ ಅಂದೆ. ವಯಸ್ಸಿನಲ್ಲಿ ಹಿರಿಯರು, ಅಕ್ಕನ ಗಂಡ, ಎಂಬುದನ್ನೂ ಮರೆತು ಅಂದೆ. ಅವರು ನಗುವ ಹಾಗೆ ಮುಖ ಮಾಡಿ, ಸರಿಯಪ್ಪ, ನಿನಗೆ ಗೊತ್ತಿರುತ್ತೆ, ಎಂದು ಹೋಗಿ ದಿಮ್ಮಿಯ ಮೇಲೆ ಕೂತರು. ಮಾರನೆಯ ದಿನದಿಂದ ಅವರು ಬರುವುದು ಕಡಿಮೆಯಾಯಿತು. ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ ಇರಬೇಕೆಂದುಕೊಂಡೆ.

ಹೊಸ ಪಕ್ಕೆಗಳನ್ನು ಬಗ್ಗಿಸಲು ಹಬೆಯಲ್ಲಿ ಬೇಯಿಸಬೇಕು. ಹಬೆಯ ಒಲೆಗೆ ಹಳೆಯ ಪಕ್ಕೆಗಳನ್ನೇ ಹಾಕಿದೆ. ಒಣಗಿದ, ಎಣ್ಣೆ ಕುಡಿದ ಮರ, ಚೆನ್ನಾಗಿ ಉರಿಯಿತು.

ನಾಲ್ಕು ತಿಂಗಳು ಹಿಡಿಯಿತು. ಕಚೇರಿಯವನು ಬಂದು ಚಾಕು ಚುಚ್ಚಿದ, ಚಾಕುವಿನ ತುದಿ ಮುರಿಯಿತು. ನಾನು ಅದನ್ನು ದಡದ ತುಂಬ ಹೇಳಿಕೊಂಡು ಬಂದೆ. ನೀರಿಗಿಳಿಸಿದ ದಿನ ದೋಣಿ ಖಾಲಿ ನಿಂತಿತು, ಒಂದು ಕೂದಲೆಳೆಯಷ್ಟೂ ಆ ಕಡೆ ಈ ಕಡೆ ಇಲ್ಲ. ಯಾರೋ ನಿಜವಾದ ರಸಮಟ್ಟವನ್ನೇ ತಂದು ಅಡ್ಡಹಲಗೆಯ ಮೇಲೆ ಇಟ್ಟರು. ಗುಳ್ಳೆ ನಟ್ಟನಡುವೆ ನಿಂತಿತು. ಜನ ಚಪ್ಪಾಳೆ ತಟ್ಟಿದರು, ನನ್ನ ಎದೆ ಉಬ್ಬಿತು. ಭಾವನನ್ನೂ ಹತ್ತಿಸಿಕೊಂಡು ಒಂದು ಸುತ್ತು ಹೋದೆ. ಅವರು ಬಲಗಡೆ ನಿಂತು ಬಲೆಯ ಹಗ್ಗ ಜಗ್ಗಿ ನೋಡಿದರು. ನಾನು ಎಡಗಡೆ ಕೂತು ಹೇಗಿದೆ ಎಂದೆ. ಮನೆಯ ನೆಲದ ಹಾಗಿದೆ ಎಂದರು. ನಾವು ಇಬ್ಬರಿದ್ದೆವು ಎಂಬುದು ಆ ಹೊತ್ತಿಗೆ ಇಬ್ಬರಿಗೂ ಹೊಳೆಯಲಿಲ್ಲ.

ಅವರು ಕಾರ್ಖಾನೆ ಬಿಟ್ಟು ಮರುದಿನವೇ ಮೀನಿಗೆ ಹೋದರು. ಐದನೇ ದಿನವೋ ಆರನೇ ದಿನವೋ ನನ್ನ ಕೊಟ್ಟಿಗೆಗೆ ಬಂದರು. ನಾನು ಆಗ ಮರದ ವ್ಯಾಪಾರಿಯ ಮೇಲೆ ಹರಿಹಾಯುತ್ತಿದ್ದೆ. ಹಸಿ ಮರ ಕಳಿಸಿದ್ದಕ್ಕೆ ಅವನ ಜನ್ಮ ಜಾಲಾಡುತ್ತಿದ್ದೆ. ಭಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ವ್ಯಾಪಾರಿ ಹೋದ ಮೇಲೆ, ದೋಣಿ ಹೇಗಿದೆ ಭಾವ, ಎಂದೆ. ಚೆನ್ನಾಗಿದೆ, ಒಂದು ತೊಟ್ಟು ನೀರು ಬರಲ್ಲ, ಎಂದರು. ಬೆಂಚಿನ ಮೇಲಿದ್ದ ಒಂದು ಮರದ ಚೂರನ್ನು ಎತ್ತಿ ತಿರುಗಿಸಿ ನೋಡಿ ಅಲ್ಲೇ ಇಟ್ಟು ಹೋದರು. ಸುಮ್ಮನೆ ನೋಡಿ ಹೋಗಲು ಬಂದಿದ್ದಾರೆ ಎಂದುಕೊಂಡು ನಾನು ಕೆಲಸಕ್ಕೆ ತಿರುಗಿದೆ.

ಹನ್ನೆರಡನೇ ದಿನ ಬೆಳಿಗ್ಗೆ ಅವರು ಸತ್ತರು. ಗಾಳಿಯಿಲ್ಲ, ಅಲೆಯಿಲ್ಲ. ಎರಡು ದೋಣಿಯವರು ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದರು. ಅವರು ಕಂಡದ್ದಿಷ್ಟು: ಭಾವ ಬಲಗಡೆ ನಿಂತು ಬಲೆ ಎಳೆಯುತ್ತಿದ್ದರು, ಬಲೆ ತುಂಬಿತ್ತು, ಅಂಚು ನೀರಿಗೆ ತಾಗಿತು. ಭಾವ ಒಂದು ಹೆಜ್ಜೆ ಹಿಂದಿಟ್ಟರು. ಆದರೆ ಬಲೆಯ ರಾಶಿ ಕಾಲಿಗೆ ಸುತ್ತಿಕೊಂಡಿತ್ತು. ದೋಣಿ ತಟ್ಟೆ ಕವುಚಿದ ಹಾಗೆ ಕವುಚಿಬಿತ್ತು. ಆ ದೋಣಿಗಳವರು ಹುಟ್ಟು ಹಾಕಿಕೊಂಡು ಬರುವ ಹೊತ್ತಿಗೆ ಬಲೆ ಭಾವನನ್ನು ಸುತ್ತಿಕೊಂಡು ಕೆಳಗೆ ಹೋಗಿತ್ತು. ಬಿಡಿಸಿ ಮೇಲೆ ತರಲು ಚಾಕುವಿನಲ್ಲಿ ಬಲೆ ಕೊಯ್ಯಬೇಕಾಯಿತು.

ಎಲ್ಲ ಮುಗಿದ ಮೇಲೆ ಜನ ನನ್ನನ್ನು ಸಮಾಧಾನ ಮಾಡಿದರು. ಬಲೆ ತಳದ ಬಂಡೆಗೆ ಸಿಕ್ಕಿಕೊಂಡಿರಬೇಕು ಎಂದರು, ವಯಸ್ಸಾಗಿತ್ತು, ಕೈಕಾಲಲ್ಲಿ ಮೊದಲಿನ ಕಸುವಿರಲಿಲ್ಲ ಎಂದರು. ಕಚೇರಿಯವನು ದೋಣಿಯನ್ನು ಮತ್ತೆ ತಟ್ಟಿ ನೋಡಿ, ದೋಣಿಯಲ್ಲಿ ದೋಷವಿಲ್ಲ ಎಂದು ಬರೆದುಕೊಂಡ. ಅರ್ಧ ದಿನ ಮಗುಚಿ ಬಿದ್ದಿದ್ದರೂ ಒಂದು ಸಂದಿ ಬಿಟ್ಟಿಲ್ಲ, ಎಂಥ ಕೆಲಸ ಮಾರಾಯ, ಎಂದು ಒಬ್ಬ ನನ್ನ ಬೆನ್ನು ತಟ್ಟಿದ. ಆ ವಾರ ಇಬ್ಬರು ತಮ್ಮ ಹಳೆಯ ದೋಣಿಗಳನ್ನು ಪರೀಕ್ಷೆಗೆಂದು ನನ್ನ ಕೊಟ್ಟಿಗೆಗೆ ತಂದು ಬಿಟ್ಟರು. ಹೇಳಲು ನಾಚಿಕೆಯಾಗುತ್ತದೆ, ಆ ದುಃಖದ ನಡುವೆಯೂ ಕೆಲಸದ ಹೊಗಳಿಕೆ ನನಗೆ ಹಿತವಾಗಿತ್ತು.

ತಿಂಗಳು ಕಳೆದ ಮೇಲೆ ಅಕ್ಕನ ಮಗಳು ಬಂದಳು. ಬಲೆಯ ಕಾರ್ಖಾನೆ ಬಿಡುತ್ತೇನೆ, ದೋಣಿ ನಾನೇ ತೆಗೆದುಕೊಂಡು ಹೋಗುತ್ತೇನೆ, ಎಂದಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗಿ ಅಭ್ಯಾಸವಿತ್ತು. ಜೊತೆಗೆ ಯಾರು ಎಂದು ಕೇಳಿದೆ. ಯಾರೂ ಬೇಡ, ಅಪ್ಪನ ಹಾಗೇ, ಎಂದಳು. ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ, ಮೊದಲು ಮಾಮನ ಒಂದು ಮಾತು ಕೇಳಿಕೊಂಡು ಬಾ ಎಂದಿದ್ದಾಳೆ, ದೋಣಿ ಗಟ್ಟಿ ಇದೆ ತಾನೆ ಮಾಮ, ಎಂದು ಕೇಳಿದಳು. ಗಟ್ಟಿ ಇದೆ ಎನ್ನಲು ಬಾಯಿ ತೆರೆದವನು ಯಾಕೋ ತಡೆದೆ. ಅಲೆಯಿಲ್ಲದ ದಿನ, ನಲವತ್ತು ವರ್ಷ ಬಲೆ ಎಳೆದ ಮನುಷ್ಯ, ಎಂಬುದು ತಲೆಯಿಂದ ಹೋಗಿರಲಿಲ್ಲ. ಇನ್ನೊಂದು ಸಲ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಇಳಿಸಬೇಡ, ಎಂದು ಕಳಿಸಿದೆ.

ಮರುದಿನ ಬೆಳಿಗ್ಗೆ ದೋಣಿಯನ್ನು ಸೊಂಟದ ಮಟ್ಟದ ನೀರಿಗೆ ಒಯ್ದೆ. ಒಬ್ಬನೇ. ಎರಡು ಗೋಣಿಗೆ ಒದ್ದೆ ಮರಳು ತುಂಬಿ, ಹಗ್ಗ ಕಟ್ಟಿ, ನೀರಿನೊಳಗೆ ಬಿಟ್ಟೆ. ಆಮೇಲೆ ದೋಣಿ ಹತ್ತಿ, ಭಾವ ನಿಲ್ಲುವಲ್ಲಿ ನಿಂತು, ಉರುಳೆಯ ಮೇಲೆ ಹಗ್ಗ ಹಾಕಿ ಎಳೆದೆ. ಮೊದಲ ಗೋಣಿ ನೀರಿನಿಂದ ಮೇಲೆದ್ದಿತ್ತಷ್ಟೆ, ಕಾಲ ಕೆಳಗಿನ ಹಲಗೆ ಜಾರಿಹೋಯಿತು. ಅಂಚು ನೀರಿಗೆ ತಾಗಿ ಒಂದು ಕೊಡ ನೀರು ಒಳಗೆ ಸುರಿಯಿತು. ಹಗ್ಗ ಬಿಟ್ಟು ಎಡಕ್ಕೆ ಬಿದ್ದೆ, ಅದರಿಂದ ಬದುಕಿದೆ. ಎದ್ದು ಎರಡನೆಯ ಸಲ ಎಳೆದೆ, ಮೂರನೆಯ ಸಲ ಎಳೆದೆ. ನಾಲ್ಕನೆಯ ಸಲ ದೋಣಿ ನನ್ನನ್ನು ನೀರಿಗೆ ಎಸೆದು ನನ್ನ ಮೇಲೇ ಕವುಚಿತು. ಸೊಂಟದ ಮಟ್ಟದ ನೀರು, ಎದ್ದು ನಿಂತೆ. ಅವರಿಗೆ ಎದ್ದು ನಿಲ್ಲಲು ನೆಲವಿರಲಿಲ್ಲ.

ಒದ್ದೆ ಬಟ್ಟೆಯಲ್ಲೇ ಕೊಟ್ಟಿಗೆಗೆ ಬಂದು ಬೆಂಚಿನ ಅಡಿ ಹುಡುಕಿದೆ. ಸುಡದೆ ಉಳಿದ ಹಳೆಯ ಪಕ್ಕೆಗಳು ಮೂರು ಸಿಕ್ಕಿದವು. ನೆಲದ ಮೇಲೆ ಸಾಲಾಗಿ ಇಟ್ಟೆ, ತೊಳೆದೆ, ಬೆಳಕಿಗೆ ಹಿಡಿದೆ. ಭಾರಕ್ಕೆ ಜೋತುಬಿದ್ದ ಮರವಾದರೆ ಬಾಗಿದಲ್ಲಿ ಹೊರಮೈ ಸೀಳಿರಬೇಕು, ಒಳಮೈ ನುಗ್ಗಾಗಿರಬೇಕು. ಒಂದು ಕೂದಲಿನಷ್ಟು ಸೀಳಿರಲಿಲ್ಲ. ಬಾಗಿದ ಕೊಂಬೆಯನ್ನೇ ಹುಡುಕಿ ತಂದು, ಅದರ ಬಾಗಿನ ಗುಂಟ ಬಾಚಿಯಿಂದ ಕೆತ್ತಿದ್ದರು. ಬಾಚಿಯ ಒಂದೊಂದು ಏಟೂ ಸಮನಾದ ಅಂತರದಲ್ಲಿ ಆ ಉಬ್ಬಿನ ಮೇಲೆ ಏರಿ, ಇಳಿದು ಹೋಗಿತ್ತು. ಒಂದೇ ಕಣ್ಣಿನ ಆ ಮನುಷ್ಯ, ಜೊತೆಗೆ ಯಾರೂ ಬರದ ಜಗಳಗಂಟನಿಗಾಗಿ ಎರಡನೇ ಆಳನ್ನು ಮರದಲ್ಲೇ ಕಟ್ಟಿಕೊಟ್ಟಿದ್ದ. ಖಾಲಿ ಇದ್ದಾಗ ಎಡಕ್ಕೆ ವಾಲುವುದು, ಬಲಗಡೆ ನಿಂತು ಎಳೆದಾಗ ಅದೇ ಉಬ್ಬು ನೀರನ್ನು ಒತ್ತಿ ಹಿಡಿದು ನೆಟ್ಟಗೆ ನಿಲ್ಲುವುದು. ನಾನು ಆ ಆಳನ್ನು ಕಿತ್ತು ಒಲೆಗೆ ಹಾಕಿದ್ದೆ. ಆ ಮೂರು ಪಕ್ಕೆಗಳ ನಡುವೆ ಕೂತು ಅತ್ತೆ. ಅಪ್ಪ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು, ಮಗಳು ಒರೆಸಿ ಜೋಡಿಸುತ್ತಿದ್ದಳು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ಮುಚ್ಚಿಡಲಿಲ್ಲ. ಉಬ್ಬು ಯಾಕಿತ್ತು, ನಾನು ಏನು ತಿಳಿದೆ, ಏನು ಮಾಡಿದೆ, ಗೋಣಿ ಎಳೆದಾಗ ಏನಾಯಿತು, ಎಲ್ಲ. ಭಾವನನ್ನು ಕೊಂದದ್ದು ಬಲೆಯೂ ಅಲ್ಲ, ಬಂಡೆಯೂ ಅಲ್ಲ, ನಾನು, ಎಂದೆ. ಮಗಳ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಅಕ್ಕ ನಲ್ಲಿ ನಿಲ್ಲಿಸಿದಳು. ಅವಳು ನನ್ನ ಕೊರಳಪಟ್ಟಿ ಹಿಡಿದು ನಾಲ್ಕು ಬಾರಿಸಲಿ ಎಂದು ನಾನು ಕಾಯುತ್ತಿದ್ದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಅವರಿಗೆ ಗೊತ್ತಿತ್ತು," ಎಂದಳು.

ನನಗೆ ಅರ್ಥವಾಗಲಿಲ್ಲ.

"ಮೊದಲನೇ ದಿನವೇ ಬಂದು ಹೇಳಿದ್ರು. ಎಳೆದ್ರೆ ಕಾಲಡಿಯಿಂದ ಜಾರ್ತಾಳೆ, ಮೊದಲಿನ ಹಾಗೆ ಹಿಡಿಯಲ್ಲ ಅಂತ. ತಮ್ಮನಿಗೆ ಹೇಳಿ ಅಂದೆ. ಒಂದಿನ ಹೇಳೋಕೆ ಅಂತಲೇ ನಿನ್ನ ಕೊಟ್ಟಿಗೆಗೆ ಬಂದಿದ್ರು. ನೀನು ಯಾರ ಮೇಲೋ ಕೂಗಾಡ್ತಿದ್ದೆಯಂತೆ. ವಾಪಸ್ ಬಂದು, ಬೇಡ ಬಿಡು, ನಾಲ್ಕು ತಿಂಗಳು ಬೆವರು ಸುರಿಸಿದ್ದಾನೆ, ಈಗ ಹೋಗಿ ಸರಿಯಿಲ್ಲ ಅಂದ್ರೆ ಮನೆ ಎತ್ತಿ ಹಾಕ್ತಾನೆ, ನನಗೇ ಅಭ್ಯಾಸ ಆಗುತ್ತೆ ಅಂದ್ರು."

"ನೀನಾದ್ರೂ ಹೇಳಬಹುದಿತ್ತಲ್ಲ."

"ಹೇಳಬೇಕು ಅಂತಲೇ ಇದ್ದೆ. ನಿನ್ನ ಬಾಯಿ ನನಗೆ ಗೊತ್ತಿಲ್ವಾ? ನಾಳೆ ಹೇಳೋಣ, ನೀನು ಸ್ವಲ್ಪ ಸಮಾಧಾನದಲ್ಲಿದ್ದಾಗ ಹೇಳೋಣ ಅಂತ ದಿನ ತಳ್ಳಿದೆ."

ಹನ್ನೆರಡು ದಿನ. ಹನ್ನೆರಡು ದಿನ ಈ ಮನೆಯಲ್ಲಿ ಇಬ್ಬರು ನನ್ನ ಸಿಟ್ಟು ಇಳಿಯುವ ಹೊತ್ತಿಗಾಗಿ ಕಾದಿದ್ದರು. ಎದೆಯಲ್ಲಿ ಏನೋ ಕಿತ್ತುಬಂತು. ಅದು ದುಃಖವೇ, ದೇವರಾಣೆಗೂ ದುಃಖವೇ. ಆದರೆ ನನ್ನ ಗಂಟಲಿಗೆ ಬರುವಾಗ ಅದು ಎಂದಿನ ಹಾಗೇ ಆಯಿತು. ಒಂದು ಮಾತು, ಒಂದೇ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು, ನಾನೇನು ಹುಲಿಯಾ, ಕರಡಿಯಾ, ಒಂದು ವಾರದಲ್ಲಿ ಬಿಚ್ಚಿ ಸರಿ ಮಾಡಿ ಕೊಡ್ತಿದ್ದೆ, ಬಾಯಿ ಸತ್ತಿತ್ತಾ ನಿಮಗೆ, ಎಂದು ನಾನು ಕೂಗುತ್ತಿದ್ದೆ. ಕೈಯಿಂದ ಬಾಗಿಲಿನ ಚೌಕಟ್ಟನ್ನು ಗುದ್ದುತ್ತಿದ್ದೆ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡ ಸದ್ದು ಕೇಳಿತು.

ಅಕ್ಕನ ಮಗಳು ತಟ್ಟೆಯನ್ನು ಎದೆಗೆ ಅವಚಿಕೊಂಡು ಗೋಡೆಗೆ ಸರಿದಿದ್ದಳು. ಅಕ್ಕ ತಲೆ ತಗ್ಗಿಸಿದಳು.

"ಆಯ್ತು, ಕೂಗಬೇಡ," ಎಂದಳು. "ತಪ್ಪಾಯ್ತು. ನಾನು ಹೇಳಬಾರದಿತ್ತು."

ಅವಳು ನಲ್ಲಿ ತಿರುಗಿಸಿ ಉಳಿದ ಪಾತ್ರೆಗಳನ್ನು ತೊಳೆಯತೊಡಗಿದಳು. ನನ್ನ ಕೂಗು ನಿಂತಿತ್ತು, ಬಾಯಿ ಇನ್ನೂ ತೆರೆದೇ ಇತ್ತು. ಮತ್ತೆ ಯಾರೂ ನನಗೆ ಏನೂ ಹೇಳಲಿಲ್ಲ.